ಬೆಳಕಿಗೆ ಓಗೊಡುವ ವಂಶವಾಹಿ

"ಮಗುವಿನ ಬುದ್ಧಿಯೆಲ್ಲ ಜೀನ್‌ನಲ್ಲೇ ಬರೆದಿರುತ್ತದಂತೆ, ಹೌದೇ?" ಎಂದು ಓದುಗರೊಬ್ಬರು ಕೇಳಿದ್ದಾರೆ. ಮಗು ಹುಟ್ಟಿದ ಆರನೇ ರಾತ್ರಿ ವಿಧಿ ಬಂದು ಹಣೆಯ ಮೇಲೆ ಬರೆದುಹೋಗುತ್ತದೆ ಎಂಬ ಹಳೆಯ ನಂಬಿಕೆಯೇ ಈಗ ವಿಜ್ಞಾನದ ಹೆಸರು ಹೇಳಿಕೊಂಡು ತಿರುಗುತ್ತಿದೆ. ಇದು ಶುದ್ಧ ತಪ್ಪು. ವಂಶವಾಹಿ, ಅಂದರೆ ಜೀನ್, ಇದ್ದರಷ್ಟೇ ಸಾಲದು, ಅದು ಯಾವಾಗ ಚುರುಕಾಗುತ್ತದೆ ಎಂಬುದೂ ಮುಖ್ಯ.

ಮಿದುಳಿನದೇ ಒಂದು ಉದಾಹರಣೆ ನೋಡಿ. ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಗ್ಲುಟಮೇಟ್‌ನಂಥ ರಾಸಾಯನಿಕಗಳ ಮೂಲಕ. ಅವನ್ನು ಹಿಡಿದುಕೊಳ್ಳುವ ಪ್ರೋಟೀನುಗಳೇ ಗ್ರಾಹಕಗಳು. ಕಲಿಕೆಯಲ್ಲಿ ದೊಡ್ಡ ಪಾತ್ರ ಎನ್‌ಎಂಡಿಎ ಗ್ರಾಹಕದ್ದು. ನಾಲ್ಕು ತುಂಡು ಸೇರಿ ಒಂದು ಗ್ರಾಹಕ. ಗರ್ಭದಲ್ಲಿ, ಹುಟ್ಟಿದ ಹೊಸದರಲ್ಲಿ, ಅದರಲ್ಲಿ 2ಬಿ ಎಂಬ ತುಂಡಿನದೇ ಕಾರುಬಾರು. ಅದರ ವಂಶವಾಹಿ ನಮ್ಮ 12ನೇ ವರ್ಣತಂತುವಿನಲ್ಲಿದೆ. ಬರಬರುತ್ತಾ 2ಎ ಎಂಬ ಇನ್ನೊಂದು ತುಂಡಿನ ವಂಶವಾಹಿ ಚುರುಕಾಗುತ್ತದೆ; ಅದು ಇರುವುದು 16ನೇ ವರ್ಣತಂತುವಿನಲ್ಲಿ. ಜರ್ಮನಿಯ ಹನ್ನಾ ಮೋನ್ಯರ್ ಮತ್ತು ಸಂಗಡಿಗರು 1994ರಲ್ಲಿ ಇಲಿಯ ಮಿದುಳಿನಲ್ಲಿ ಈ ಏರಿಳಿತವನ್ನು ವಿವರವಾಗಿ ತೋರಿಸಿದರು. 2ಬಿ ಇರುವ ಗ್ರಾಹಕ, ಭಾರವಾದ ಬಾಗಿಲಿನಂತೆ, ಒಮ್ಮೆ ತೆರೆದರೆ ನಿಧಾನವಾಗಿ ಮುಚ್ಚುತ್ತದೆ. ಹಾಗಾಗಿ ತುಸು ಹಿಂದೆಮುಂದೆ ಬಂದ ಸಂಕೇತಗಳೂ ಜೊತೆಗೂಡಲು ಅವಕಾಶ ಸಿಗುತ್ತದೆ. 2ಎ ಬಂದಮೇಲೆ ಮುಚ್ಚುವುದು ಬೇಗ, ಸಮಯದ ಲೆಕ್ಕವೂ ಬಿಗಿ.

ಈ ಬದಲಾವಣೆ ಬರೀ ವಯಸ್ಸಿನದಲ್ಲ ಎನ್ನುವುದೇ ನನಗೆ ಅತಿ ಸೋಜಿಗದ ಸಂಗತಿ. ಎಲಿಜಬೆತ್ ಕ್ವಿನ್ಲನ್, ಮಾರ್ಕ್ ಬೇರ್ ಮೊದಲಾದವರು 1999ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಹುಟ್ಟಿದಂದಿನಿಂದ ಕಗ್ಗತ್ತಲಲ್ಲೇ ಬೆಳೆದ ಇಲಿಮರಿಗಳ ಮಿದುಳಿನ ದೃಷ್ಟಿಭಾಗದಲ್ಲಿ 2ಎ ಹಿಂದೆಬಿದ್ದಿತ್ತು. ಅವನ್ನು ಬೆಳಕಿಗೆ ತಂದರು. ಎರಡು ಗಂಟೆಯೊಳಗೆ ನರಕೋಶಗಳು ಕೂಡುವ ನರಸಂಧಿಗಳಲ್ಲಿ 2ಎ ಏರಿತು! ಮರಳಿ ಕತ್ತಲಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಬದಲಾವಣೆ ಹಿಂದಕ್ಕೆ ಸರಿಯಿತು ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಕಣ್ಣು ಕಂಡದ್ದಕ್ಕೆ ಮಿದುಳು ತನ್ನ ಪ್ರೋಟೀನನ್ನೇ ಬದಲಿಸಿಕೊಳ್ಳುತ್ತದೆ. ಎರಡು ತಿಂಗಳ ಕೂಸು ತೊಟ್ಟಿಲಲ್ಲಿ ಮಲಗಿ ಕಿಟಕಿಯತ್ತಲೇ ಮುಖ ತಿರುಗಿಸುವುದನ್ನು ಕಂಡಾಗಲೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಮನುಷ್ಯರ ಮಿದುಳಿಗೂ ನೋಟ ಕಲಿಯಲು ಬೆಳಕು ಬೇಕು, ಅದೂ ಹೊತ್ತಿಗೆ ಸರಿಯಾಗಿ ಬೇಕು. ಹುಟ್ಟಿನಿಂದಲೇ ಕಣ್ಣಿಗೆ ದಟ್ಟ ಪೊರೆ ಬಂದ ಶಿಶುಗಳಿಗೆ ಮೊದಲ ಕೆಲವು ವಾರಗಳಲ್ಲೇ ಶಸ್ತ್ರಚಿಕಿತ್ಸೆ ಮಾಡಬೇಕೆಂದು ವೈದ್ಯರು ಅವಸರಿಸುವುದು ಇದಕ್ಕೇ. ನಮ್ಮಲ್ಲಿ ದೃಷ್ಟಿ ತಗುಲಿದೆ ಎಂದು ತಾಯತ ಕಟ್ಟಿ ದಿನ ಕಳೆಯುವವರು ಇನ್ನೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿನ ಕಣ್ಣಪಾಪೆಯಲ್ಲಿ ಬಿಳಿ ಕಂಡರೆ ಅಂದೇ ಕಣ್ಣಿನ ವೈದ್ಯರ ಬಳಿಗೆ ಎತ್ತಿಕೊಂಡು ಹೋಗಿ.