ಸರಕಾರದ ಖರ್ಚಿನ ಸುದ್ದಿ: ಹಂಚುವ ಮೊದಲು ಮೂಲ ನೋಡೋಣ

2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು 4,09,549 ಕೋಟಿ ರೂಪಾಯಿಗಳ ರಾಜ್ಯ ಬಜೆಟ್ ಮಂಡಿಸಿದರು. ಬಜೆಟ್ ಪುಸ್ತಕವನ್ನು ಹೆಚ್ಚಿನವರು ತೆರೆದು ನೋಡುವ ಮೊದಲೇ ಅದಕ್ಕೊಂದು ಹೆಸರು ಬಿದ್ದಾಗಿತ್ತು. ವಿರೋಧ ಪಕ್ಷವಾದ ಬಿಜೆಪಿ ಅದನ್ನು ‘ಹಲಾಲ್ ಬಜೆಟ್’ ಎಂದು ಕರೆಯಿತು. ಆ ಹೆಸರಿನ ಜೊತೆಗೆ ಬಂದ ಅಂಕಿಗಳಲ್ಲಿ ಹೆಚ್ಚು ಓಡಾಡಿದ್ದು ಒಂದು: ಇಮಾಮರಿಗೆ ತಿಂಗಳಿಗೆ 6,000 ರೂಪಾಯಿ.

ಈ ಅಂಕಿ ಸುಳ್ಳಲ್ಲ. ಬಜೆಟ್ ಭಾಷಣದಲ್ಲೇ ಇದೆ. ಆದರೆ ಅದೇ ವಾಕ್ಯದಲ್ಲಿ ಜೈನ ಅರ್ಚಕರು ಮತ್ತು ಸಿಖ್ಖರ ಮುಖ್ಯ ಗ್ರಂಥಿಗಳೂ ಇದ್ದಾರೆ, ಅವರಿಗೂ ಅಷ್ಟೇ ಗೌರವಧನ. ಅದೇ ಬಜೆಟ್‌ನಲ್ಲಿ ಮುಜರಾಯಿ ಇಲಾಖೆಯ ‘ಸಿ’ ವರ್ಗದ ದೇವಾಲಯಗಳ ಅರ್ಚಕರ ತಸ್ತಿಕ್ ಮೊತ್ತವನ್ನು ವರ್ಷಕ್ಕೆ 60,000ದಿಂದ 72,000 ರೂಪಾಯಿಗೆ ಏರಿಸಲಾಯಿತು. 72,000ವನ್ನು ಹನ್ನೆರಡರಿಂದ ಭಾಗಿಸಿ ನೋಡಿ, ತಿಂಗಳಿಗೆ 6,000. ಒಂದನ್ನು ತಿಂಗಳ ಲೆಕ್ಕದಲ್ಲಿ, ಇನ್ನೊಂದನ್ನು ವರ್ಷದ ಲೆಕ್ಕದಲ್ಲಿ ಹೇಳಿರುವುದರಿಂದ ಎರಡೂ ಒಂದೇ ಎಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಒಂದು ಸಾಲನ್ನು ಮಾತ್ರ ಕತ್ತರಿಸಿ ಹಂಚಿದವರಿಗೆ ಸುಳ್ಳು ಹೇಳಬೇಕಾದ ಅಗತ್ಯವೇ ಬೀಳಲಿಲ್ಲ. ಆ ಅಂಕಿಯನ್ನು ಹಿಡಿದು ಒಂದೇ ಬೀದಿಯ ಇಬ್ಬರು ಜಗಳವಾಡಿದರೆ, ಇಬ್ಬರ ಕೈಯಲ್ಲೂ ಇರುವುದು ಅರ್ಧ ಕಾಗದ.

ಅಲ್ ಹುಜುರಾತ್ ಅಧ್ಯಾಯದ ಆರನೇ ವಚನವನ್ನು ನಾವು ಜುಮಾ ಖುತ್ಬಾಗಳಲ್ಲಿ ಹಲವು ಬಾರಿ ಕೇಳಿದ್ದೇವೆ. ಸುದ್ದಿಯನ್ನು ಪರಿಶೀಲಿಸಿ ನಂಬಬೇಕೆನ್ನುವ ವಚನ ಅದು. ಅದರ ಹಿನ್ನೆಲೆ ಮಾತ್ರ ನಮಗೆ ಅಷ್ಟಾಗಿ ನೆನಪಿರುವುದಿಲ್ಲ. ಬನೂ ಮುಸ್ತಲಿಕ್ ಗೋತ್ರದಿಂದ ಝಕಾತ್ ಸಂಗ್ರಹಿಸಲು ಹೋದವರು ಅವರನ್ನು ಕಾಣದೆಯೇ ಹಿಂತಿರುಗಿ, ಅವರು ಝಕಾತ್ ನಿರಾಕರಿಸಿದರೆಂದು ಪ್ರವಾದಿ(ಸ)ಯವರಿಗೆ ವರದಿ ಮಾಡಿದ ಸಂದರ್ಭ ಅದೆಂದು ಅನೇಕ ತಫ್ಸೀರ್‌ಗಳು ಹೇಳುತ್ತವೆ. ಅದು ಸಾರ್ವಜನಿಕ ಹಣದ ಕುರಿತ ತಪ್ಪು ವರದಿ. ಅದನ್ನು ಹಾಗೆಯೇ ನಂಬಿದ್ದರೆ ಒಂದು ಗೋತ್ರದ ಮೇಲೆ ದಂಡೆತ್ತಿ ಹೋಗಬೇಕಾಗುತ್ತಿತ್ತು.

ಇನ್ನು ಮೊತ್ತಗಳ ವಿಷಯ. ಅದೇ ಬಜೆಟ್‌ನಲ್ಲಿ ಅಲ್ಪಸಂಖ್ಯಾತರ ಕಾಲೊನಿಗಳ ಅಭಿವೃದ್ಧಿಗೆ 1,000 ಕೋಟಿಯ ಕಾರ್ಯಕ್ರಮ, ವಕ್ಫ್ ಆಸ್ತಿ ಮತ್ತು ಖಬರಸ್ಥಾನಗಳಿಗೆ 150 ಕೋಟಿ ಎಂದು ಹೇಳಲಾಗಿತ್ತು. ಕೇಳಲು ದೊಡ್ಡ ಮೊತ್ತ. ಒಟ್ಟು ಬಜೆಟ್‌ನ ಪಕ್ಕದಲ್ಲಿಟ್ಟರೆ ನೂರು ರೂಪಾಯಿಗೆ ಸುಮಾರು 28 ಪೈಸೆ. ಜಾತಿ ಧರ್ಮ ನೋಡದೆ ಎಲ್ಲರಿಗೂ ಅನ್ವಯಿಸುವ ಗ್ಯಾರಂಟಿ ಯೋಜನೆಗಳಿಗೆ ಅದೇ ವರ್ಷ ಇಟ್ಟದ್ದು 51,034 ಕೋಟಿ. ಹಾಗೆಂದು 28 ಪೈಸೆಯನ್ನೇ ಹಿಡಿದು ‘ನಮಗೆ ಸಿಕ್ಕಿದ್ದು ಇಷ್ಟೇ’ ಎಂದು ಬರೆದರೆ ಅದೂ ಅರ್ಧ ಕಾಗದವೇ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಹಾಸ್ಟೆಲ್, ವಸತಿ ಶಾಲೆಗಳ ಖರ್ಚು ಇದರಲ್ಲಿ ಸೇರಿಲ್ಲ. ‘ಅಲ್ಪಸಂಖ್ಯಾತರು’ ಎಂದರೆ ಮುಸ್ಲಿಮರು ಮಾತ್ರವೂ ಅಲ್ಲ. ಕ್ರೈಸ್ತ, ಜೈನ, ಬೌದ್ಧ, ಸಿಖ್, ಪಾರ್ಸಿಗಳೂ ಆ ಪದದೊಳಗಿದ್ದಾರೆ.

ಗುತ್ತಿಗೆಯ 4 ಶೇಕಡಾ ಮೀಸಲಾತಿಯ ಸುದ್ದಿಯೂ ಹೀಗೆಯೇ ಬಾಗಿತು. ಬಜೆಟ್ ಹಣದಲ್ಲಿ ನೂರಕ್ಕೆ ನಾಲ್ಕನ್ನು ಮುಸ್ಲಿಮರಿಗೆ ಹಂಚುತ್ತಾರೆಂದು ನಂಬಿದವರಿದ್ದಾರೆ. ವಿಧೇಯಕದಲ್ಲಿದ್ದದ್ದು ಬೇರೆ: 2 ಕೋಟಿ ರೂಪಾಯಿವರೆಗಿನ ಸರಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪ್ರವರ್ಗ 2ಬಿಗೆ ಮೀಸಲಾತಿ. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ 1 ಮತ್ತು 2ಎಗಳಿಗೆ ಅಂಥದ್ದು ಮೊದಲೇ ಇತ್ತು. ಗುತ್ತಿಗೆದಾರ ಟೆಂಡರ್ ಹಾಕಬೇಕು, ಕೆಲಸ ಮಾಡಬೇಕು, ಆಮೇಲೆ ಬಿಲ್. ಇದು ಸರಿಯೇ ತಪ್ಪೇ ಎಂದು ವಾದಿಸಲು ಎಲ್ಲರಿಗೂ ಹಕ್ಕಿದೆ, ಆದರೆ ವಾದ ವಿಧೇಯಕದ ಮೇಲೆ ನಡೆಯಲಿ.

ದೇವಸ್ಥಾನದ ಹುಂಡಿ ಹಣ ಮಸೀದಿ, ಚರ್ಚುಗಳಿಗೆ ಹೋಗುತ್ತದೆ ಎಂಬ ಮಾತು 2024ರ ಫೆಬ್ರವರಿಯಲ್ಲಿ ಜೋರಾಗಿತ್ತು. ಆಗ ವರ್ಷಕ್ಕೆ 1 ಕೋಟಿಗಿಂತ ಹೆಚ್ಚು ಆದಾಯದ ದೇವಾಲಯಗಳಿಂದ 10 ಶೇಕಡಾ, 10 ಲಕ್ಷದಿಂದ 1 ಕೋಟಿವರೆಗಿನವುಗಳಿಂದ 5 ಶೇಕಡಾ ಮೊತ್ತವನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಪಡೆಯುವ ತಿದ್ದುಪಡಿ ಬಂದಿತ್ತು. ಈ ನಿಧಿ ಹೊಸದಲ್ಲ, 1997ರ ಧಾರ್ಮಿಕ ದತ್ತಿ ಕಾಯ್ದೆಯಲ್ಲೇ ಇದೆ. ಬೇರೆ ಧರ್ಮದ ಸಂಸ್ಥೆಗೆ ಅದರಿಂದ ಹಣ ಕೊಡಲು ಕಾಯ್ದೆಯಲ್ಲಿ ಅವಕಾಶವಿಲ್ಲ. ದೊಡ್ಡ ದೇವಾಲಯಗಳ ಹಣ ಸಣ್ಣ, ಬಡ ದೇವಾಲಯಗಳಿಗೆ ನೆರವಾಗಲೆಂದು ಮಾಡಿದ ವ್ಯವಸ್ಥೆ ಅದು. ಹಜ್ ಸಬ್ಸಿಡಿಯ ಕಥೆಯಂತೂ ಇನ್ನೂ ಹಳಸಿದ್ದು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹತ್ತು ವರ್ಷಗಳೊಳಗೆ ಕೊನೆಗೊಳಿಸಲು ಹೇಳಿತು, 2018ರಲ್ಲಿ ಕೇಂದ್ರ ಸರಕಾರ ಪೂರ್ತಿ ನಿಲ್ಲಿಸಿತು. ಸಂದೇಶಗಳಿಗೆ ಮಾತ್ರ ಸಾವಿಲ್ಲ.

ಇಲ್ಲಿಯವರೆಗೆ ಹೇಳಿದ್ದು ನಮ್ಮನ್ನು ನೋಯಿಸುವ ಸುದ್ದಿಗಳ ಕುರಿತು. ಅವುಗಳನ್ನು ಪರಿಶೀಲಿಸಲು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಷ್ಟವಿರುವುದು ಖುಷಿ ಕೊಡುವ ಸುದ್ದಿಗಳಲ್ಲಿ. ‘ಸಮುದಾಯಕ್ಕೆ ಸಾವಿರ ಕೋಟಿ’ ಎಂದು ನಾಯಕರ ಭಾವಚಿತ್ರದೊಂದಿಗೆ ಪೋಸ್ಟರ್ ಬಂದರೆ ನಾವು ಮೂಲ ಕೇಳುವುದಿಲ್ಲ, ನೇರ ಮೊಹಲ್ಲಾದ ಗ್ರೂಪಿಗೆ ಹಾಕುತ್ತೇವೆ. ಬಜೆಟ್‌ನಲ್ಲಿ ಹೇಳಿದ ಹಣ, ಬಿಡುಗಡೆಯಾದ ಹಣ, ಖರ್ಚಾದ ಹಣ ಇವು ಮೂರೂ ಬೇರೆ ಬೇರೆ. ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವನ್ನೇ ತೆಗೆದುಕೊಳ್ಳಿ. 2024-25ರಲ್ಲಿ ಅದಕ್ಕೆ ಘೋಷಿಸಿದ್ದು 3,183.24 ಕೋಟಿ. 2025-26ಕ್ಕೆ 3,350 ಕೋಟಿ ಎಂದಾಗ ‘ಅನುದಾನ ಏರಿಕೆ’ ಎಂಬ ತಲೆಬರಹ ಬಂತು. ಆ ನಡುವೆ 2024-25ರ ಮೊತ್ತ ಪರಿಷ್ಕೃತ ಅಂದಾಜಿನಲ್ಲಿ 1,868.18 ಕೋಟಿಗೆ ಇಳಿದಿತ್ತು. ಏರಿಕೆಯನ್ನು ಮೆಚ್ಚಿದವರಾಗಲಿ, ಏರಿಕೆ ಸಾಲದು ಎಂದು ಟೀಕಿಸಿದವರಾಗಲಿ, ಬರಬೇಕಿದ್ದ 1,315 ಕೋಟಿ ಎಲ್ಲಿ ಹೋಯಿತೆಂದು ಕೇಳದಿದ್ದರೆ ವಿದ್ಯಾರ್ಥಿವೇತನಕ್ಕೆ ಕಾದು ಕುಳಿತ ಹುಡುಗಿಗೆ ಯಾವ ಪ್ರಯೋಜನವೂ ಇಲ್ಲ.

ಈ ಪರಿಷ್ಕೃತ ಅಂದಾಜು ರಹಸ್ಯವೇನಲ್ಲ. ರಾಜ್ಯ ಹಣಕಾಸು ಇಲಾಖೆಯ ಜಾಲತಾಣದಲ್ಲಿ ಬಜೆಟ್ ಭಾಷಣ ಕನ್ನಡದಲ್ಲೇ ಇರುತ್ತದೆ. ಅದರ ಜೊತೆಗಿರುವ ಇಲಾಖಾವಾರು ಸಂಪುಟಗಳಲ್ಲಿ ಹಿಂದಿನ ವರ್ಷದ ಲೆಕ್ಕ, ನಡೆಯುತ್ತಿರುವ ವರ್ಷದ ಅಂದಾಜು ಮತ್ತು ಪರಿಷ್ಕೃತ ಅಂದಾಜು, ಮುಂದಿನ ವರ್ಷದ ಅಂದಾಜು ಅಕ್ಕಪಕ್ಕದಲ್ಲಿರುತ್ತವೆ. ಮೊಬೈಲ್ ಬಳಸಬಲ್ಲ ಮಕ್ಕಳು ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾರೆ. ಕೊನೆಗೆ ನಿಜವಾಗಿ ಖರ್ಚಾದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಮಹಾಲೇಖಪಾಲರ ವರದಿಗಳಲ್ಲಿ ಬರುತ್ತದೆ. ತಡವಾಗಿ ಬರುತ್ತದೆ, ಅದೊಂದೇ ದೋಷ.

ನಮ್ಮ ತಾಲೂಕಿನ ಲೆಕ್ಕ ಬೇಕೆಂದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಜಿಲ್ಲಾ ಅಲ್ಪಸಂಖ್ಯಾತರ ಕಲ್ಯಾಣ ಕಚೇರಿಯ ಮಾಹಿತಿ ಅಧಿಕಾರಿಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಗಳಿಗೆ ಅದೂ ಇಲ್ಲ. 30 ದಿನಗಳೊಳಗೆ ಉತ್ತರ ಕೊಡಬೇಕು. ‘ಯಾಕೆ ಕೊಟ್ಟಿಲ್ಲ’ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಕಾಲೊನಿ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಈ ತಾಲೂಕಿಗೆ ಈ ವರ್ಷ ಮಂಜೂರಾದದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಖರ್ಚಾದದ್ದೆಷ್ಟು, ಕಾಮಗಾರಿಗಳ ಪಟ್ಟಿ ಯಾವುದು ಎಂದು ಕೇಳಿದರೆ ಅವರು ಕಡತ ನೋಡಿ ಬರೆದುಕೊಡಬೇಕಾಗುತ್ತದೆ.