ಹಬ್ಬಕ್ಕೆ ಮುನ್ನ ಗೋಡೆಗೆ ಬಣ್ಣ

ಕ್ರಿಸ್ಮಸ್ ಹಬ್ಬಕ್ಕೆ ಕೆಲವೇ ವಾರಗಳಿರುವಾಗ ಕರಾವಳಿಯ ನಮ್ಮ ಮನೆಗಳಲ್ಲಿ ಕುಸ್ವಾರಿನ ಸಿದ್ಧತೆಗಿಂತಲೂ ಮೊದಲು ಏಳುವ ಪ್ರಶ್ನೆ ಗೋಡೆಗಳದ್ದು. ನಾಲ್ಕು ತಿಂಗಳ ಮಳೆಗೆ ಪಾಚಿ ಕಟ್ಟಿದ ಪಶ್ಚಿಮದ ಗೋಡೆ, ಪೀಠದ ಮೇಣದ ಬತ್ತಿಯ ಹೊಗೆಗೆ ಮಸುಕಾದ ಚಾವಡಿ ಮನೆಯೊಡತಿಯ ಕಣ್ಣಿಗೆ ಚುಚ್ಚತೊಡಗುತ್ತವೆ. ಜನವರಿಯಲ್ಲಿ ಮಗಳ ಮದುವೆಯಿದ್ದರಂತೂ ಕೇಳುವುದೇ ಬೇಡ. ರೋಸಿಗೆ ಬರುವ ನೆಂಟರ ದೃಷ್ಟಿ ಮೊದಲು ಬೀಳುವುದೇ ಅಲ್ಲಿ. ಸಾಲ ಮಾಡಿಯಾದರೂ ಬಣ್ಣ ಬಳಿಸುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ನಾವೂ ಒಂದು ವರ್ಷ ಇಂತಹುದೇ ಆತುರಕ್ಕೆ ಒಳಗಾದೆವು. ಇನ್ನೂ ಆರದ ಗೋಡೆಗೆ, ಅಂಗಡಿಯವರು ಹೊಗಳಿದ ಬೆಲೆಬಾಳುವ ಎಮಲ್ಶನ್ ಬಳಿಸಿದೆವು. ಹಬ್ಬದ ರಾತ್ರಿ ಮನೆ ಝಗಝಗಿಸಿದ್ದು ನಿಜ. ಆದರೆ ತಪಸ್ಸು ಕಾಲ ಮುಗಿಯುವಷ್ಟರಲ್ಲಿ ಬಣ್ಣವು ಹಪ್ಪಳದಂತೆ ಉಬ್ಬಿ, ಹಾಳೆಹಾಳೆಯಾಗಿ ಕಳಚಿ ಬಿತ್ತು. ದೋಷ ಬಣ್ಣದ್ದಾಗಿರಲಿಲ್ಲ, ಗೋಡೆಯೊಳಗಿನ ನೀರಿನದಾಗಿತ್ತು. ಕೆಂಪು ಕಲ್ಲು ನೀರನ್ನು ಹೀರುವ ಕಲ್ಲು. ಮಳೆಗಾಲದಲ್ಲಿ ಕುಡಿದ ನೀರನ್ನು ಅದು ಬೇಸಗೆಯಲ್ಲಿ ಆವಿಯಾಗಿ ಹೊರಬಿಡಬೇಕು. ಹಿರಿಯರು ಬಳಿಯುತ್ತಿದ್ದ ಚಿಪ್ಪಿನ ಸುಣ್ಣ ಆ ಆವಿಗೆ ದಾರಿ ಬಿಡುತ್ತಿತ್ತು. ಎಮಲ್ಶನಿನ ಪೊರೆ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಆದುದರಿಂದ ಡಬ್ಬಿ ಕೊಳ್ಳುವ ಮುನ್ನ ಒಂದು ಸರಳ ಪರೀಕ್ಷೆ ಮಾಡಬಹುದು. ಒಂದು ಚದರಡಿಯಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚುಗಳಿಗೆ ಟೇಪ್ ಅಂಟಿಸಿ, ಒಂದು ದಿನ ಬಿಟ್ಟು ನೋಡಬೇಕು. ಹಾಳೆಯ ಒಳಬದಿಯಲ್ಲಿ ನೀರಹನಿ ಕಂಡರೆ ಆ ಗೋಡೆಗೆ ಬಣ್ಣದ ಕಾಲ ಬಂದಿಲ್ಲವೆಂದೇ ಅರ್ಥ. ಮಾಡಿನ ಒಡೆದ ಹಂಚನ್ನೂ ಗೋಡೆಯ ಬಿರುಕನ್ನೂ ಸರಿಪಡಿಸದೆ ಬಣ್ಣಕ್ಕೆ ಸುರಿದ ಹಣ ನೀರಿಗೆ ಸುರಿದಂತೆಯೇ. ಹಬ್ಬ ಹತ್ತಿರವಾಯಿತೆನ್ನುವವರು ಆ ಒಂದು ಗೋಡೆಗೆ ಈ ವರ್ಷ ಸುಣ್ಣ ಹೊಡೆದು, ಉಳಿದವುಗಳಿಗೆ ಬಣ್ಣ ಬಳಿಯಲಿ.

ಇನ್ನು ಆಯ್ಕೆಯ ಮಾತು. ಮಾಳಿಗೆಯ ತಾರಸಿಯ ಒಳಮೈ, ಉಗ್ರಾಣ ಮೊದಲಾದೆಡೆ ಸುಣ್ಣ ಅಥವಾ ಅಗ್ಗದ ಡಿಸ್ಟೆಂಪರ್ ಧಾರಾಳವಾಗಿ ಸಾಕು. ಮಕ್ಕಳ ಕೈ ತಾಗುವ ಚಾವಡಿ, ಎಣ್ಣೆ ಸಿಡಿಯುವ ಅಡುಗೆಮನೆಗಳಿಗೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಎಮಲ್ಶನ್ ಬೇಕು. ಅದರಲ್ಲಿಯೂ ಮಧ್ಯಮ ದರ್ಜೆಯದು ಸಾಮಾನ್ಯ ಕುಟುಂಬಕ್ಕೆ ಸಾಕೆಂಬುದು ನಮ್ಮ ಅಭಿಪ್ರಾಯ. ಹೊರಗೋಡೆಗೆ ಸಿಮೆಂಟ್ ಪೇಂಟ್ ಅಗ್ಗವೇ ಸರಿ. ಆದರೆ ಬಳಿದ ಮೇಲೆ ಅದಕ್ಕೆ ನೀರು ಹಾಕಿ ಹದಗೊಳಿಸಬೇಕು. ಆ ಶ್ರಮ ಬೇಡವೆಂದವರ ಗೋಡೆಯಲ್ಲಿ ಅದು ಹುಡಿಯಾಗಿ ಅಂಗಿಗೆ ಅಂಟುತ್ತದೆ.

ಲೀಟರಿನ ಬೆಲೆಯನ್ನಷ್ಟೇ ನೋಡಿ ಮೋಸಹೋಗಬಾರದು. ಅಗ್ಗದ ಬಣ್ಣ ಎರಡು ಕೋಟಿಗೆ ಮುಚ್ಚದೆ ಮೂರನೆಯದನ್ನು ಬೇಡಿದರೆ, ಉಳಿಸಿದ ಹಣವೆಲ್ಲ ಕೂಲಿಗೆ ಹೋಗುತ್ತದೆ. ಬಣ್ಣವೆಷ್ಟು ಬೇಕೆಂದು ನಾವೇ ಲೆಕ್ಕ ಹಾಕಬೇಕು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಗೋಡೆಗಳು ಒಟ್ಟು 440 ಚದರಡಿ. ಬಾಗಿಲು ಕಿಟಕಿಗಳಿಗೆ 60 ಕಳೆದರೆ 380. ಲೀಟರಿಗೆ ಎರಡು ಕೋಟಿನಲ್ಲಿ 70 ಚದರಡಿ ಎಂದು ಡಬ್ಬಿಯ ಮೇಲಿದ್ದರೆ ಐದೂವರೆ ಲೀಟರ್ ಸಾಕು. ಹತ್ತು ಬೇಕೆಂದರೆ ಉಳಿದದ್ದು ಎಲ್ಲಿಗೆ ಎಂದು ವಿನಯದಿಂದಲೇ ಕೇಳಬಹುದು. ಕೆಲವು ಡಬ್ಬಿಗಳೊಳಗೆ ಬಣ್ಣ ಬಳಿಯುವವರಿಗಾಗಿ ಟೋಕನ್ ಇರುತ್ತದೆಂಬುದನ್ನೂ ವಾಚಕರು ಅರಿತಿರಲಿ. ಒಂದೇ ಕಂಪೆನಿಯ ಬಣ್ಣವೇ ಆಗಬೇಕೆಂಬ ಹಟದ ಹಿಂದೆ ಕೆಲವೊಮ್ಮೆ ಅದೇ ಕಾರಣ. ಅದನ್ನು ತಪ್ಪೆನ್ನಲಾರೆವು, ಅವರೂ ಮನೆಮಕ್ಕಳುಳ್ಳವರು. ಆದರೆ ಆಯ್ಕೆ ಮನೆಯವರದಾಗಿರಬೇಕು.

ಒಂದು ವಿಷಯದಲ್ಲಿ ಮಾತ್ರ ಉಳಿತಾಯ ಸಲ್ಲದು. 2016ರಲ್ಲಿ ಹೊರಬಿದ್ದು 2017ರ ನವೆಂಬರಿನಿಂದ ಜಾರಿಗೆ ಬಂದ ಕೇಂದ್ರ ಸರಕಾರದ ನಿಯಮದಂತೆ, ಮನೆಬಳಕೆಯ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದು. ಡಬ್ಬಿಯ ಮೇಲೆ ಆ ಮಾತಿದೆಯೇ ಎಂದು ನೋಡಿಯೇ ಕೊಳ್ಳಬೇಕು. ಸೀಸವು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೇ ಕುಂದು ತರುತ್ತದೆ. ಹಳೆಯ ಮನೆಗಳ ಕಿಟಕಿ, ಬಾಗಿಲು, ತೊಟ್ಟಿಲುಗಳ ಎನಾಮೆಲ್ ಬಣ್ಣ ಆ ನಿಯಮಕ್ಕಿಂತ ಹಿಂದಿನದು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ನೀರು ಹಚ್ಚಿ ವಾಟರ್ ಪೇಪರಿನಿಂದ ತಿಕ್ಕಿಸಿ, ಆ ಕೆಸರನ್ನು ಒರೆಸಿ ತೆಗೆಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಅಜ್ಜಿಯ ಮನೆಗೆ ಕಳುಹಿಸುವುದು ಲೇಸು.

ಕೆಲಸ ಮುಗಿದಾಗ ಉಳಿದ ಒಂದೆರಡು ಲೋಟ ಬಣ್ಣವನ್ನು ಚಿಕ್ಕ ಡಬ್ಬಿಗೆ ಸುರಿದು ಬಿಗಿಯಾಗಿ ಮುಚ್ಚಿ, ಮುಚ್ಚಳದ ಮೇಲೆ ಬಣ್ಣದ ಸಂಖ್ಯೆಯನ್ನೂ ಕೋಣೆಯ ಹೆಸರನ್ನೂ ಬರೆದಿಡಿ. ಮದುವೆಯ ಚಪ್ಪರ ಕಟ್ಟುವವರ ಏಣಿ ಗೋಡೆಗೆ ತಾಗದೆ ಇರುವುದಿಲ್ಲ.