ತೇರಿಗೆ ಜೂಮ್, ನಾಟಕಕ್ಕೆ ಪ್ರೈಮ್

ಹವ್ಯಾಸಿ ಛಾಯಾಗ್ರಾಹಕರ ಮುಗಿಯದ ವಾದಗಳಲ್ಲಿ ಲೆನ್ಸಿನದೇ ಮೊದಲನೆಯದು: ನಾಭಿದೂರ ಬದಲಾಗದ ಪ್ರೈಮ್ ಮೇಲೋ, ಬದಲಾಗುವ ಜೂಮ್ ಮೇಲೋ? ಇದನ್ನು ತೀರ್ಮಾನಿಸುವುದು ಬೆಳಕು ಮತ್ತು ಜಾಗ. ಬಾದಾಮಿ ಬಳಿಯ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ನಡೆಯುವ ಬನಶಂಕರಿ ಜಾತ್ರೆಯಲ್ಲಿ ಎರಡಕ್ಕೂ ಕೆಲಸವಿದೆ. ತೇರಿನ ನೂಕುನುಗ್ಗಲಿನಲ್ಲಿ ಕಾಲು ಕದಲಿಸಲಾಗದು. ಅಲ್ಲಿ ಜೂಮ್ ಅನುಕೂಲ. ರಾತ್ರಿಯ ಕಂಪನಿ ನಾಟಕಕ್ಕೆ ಪ್ರೈಮ್ ಲೇಸು. ಅದರ ಎಫ್/1.8 ದ್ವಾರ, ಸಾಮಾನ್ಯ ಜೂಮಿನ ಎಫ್/5.6ಕ್ಕಿಂತ ಸುಮಾರು 10 ಪಟ್ಟು ಬೆಳಕನ್ನು ಒಳಬಿಡುತ್ತದೆ.

ಎರಡನೆಯ ವಾದ ರಾ ಫೈಲಿನದು, ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಚಿತ್ರದ್ದು. ಮಿಠಾಯಿ ಅಂಗಡಿಯ ಬಣ್ಣದ ಬಲ್ಬಿನಡಿ ಮುಖ ಹಸಿರಾಗಿ ಮೂಡಿದರೆ ರಾ ಫೈಲಿನಲ್ಲಿ ತಿದ್ದುವುದು ಸುಲಭ. ಜೆಪೆಗ್‌ನಲ್ಲಿ ಆ ಅವಕಾಶ ಕಡಿಮೆ. ಮೂರನೆಯ ವಾದ ಕ್ಯಾಮೆರಾ ಮೇಲೋ, ಮೊಬೈಲ್ ಮೇಲೋ ಎಂಬುದು. ‘ನೀವು ಲೆನ್ಸ್ ಬದಲಿಸುವಷ್ಟರಲ್ಲಿ ತೇರು ಮುಂದೆ ಹೋಯ್ತು’ ಎಂಬುದು ಮೊಬೈಲ್ ಪಕ್ಷದವರ ಕೊಂಕು. ಅದರಲ್ಲೂ ಹುರುಳಿದೆ: ಕೈಯಲ್ಲಿ ಸಿದ್ಧವಿರುವ ಕ್ಯಾಮೆರಾವೇ ಜಾತ್ರೆಗೆ ಒಳ್ಳೆಯದು.